ಒಂದು ಟನ್ ಅದಿರಿನಿಂದ ಸರ್ಕಾರಕ್ಕೆ ಬರುವುದೆಷ್ಟು: ಲೆಕ್ಕ ಹಾಕುವ ಕ್ರಮ

ತಾಡಪತ್ರಿ ಹೊದ್ದು, ಕೆಂಪು ಧೂಳೆಬ್ಬಿಸುತ್ತ ಸಂಡೂರಿನಿಂದ ಇಳಿದು ಬರುವ ಲಾರಿಯ ಕಬ್ಬಿಣದ ಅದಿರಿನ ಲೆಕ್ಕ ಬೇಕಿದ್ದರೆ, ಆ ಗಣಿಯ ಗುತ್ತಿಗೆ ಯಾವ ಬಗೆಯಲ್ಲಿ ದೊರೆತದ್ದು ಎಂಬುದನ್ನು ಮೊದಲು ತಿಳಿಯಬೇಕು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯ ನಂತರ ಹೊಸ ಖಾಸಗಿ ಗುತ್ತಿಗೆಗಳು ಹರಾಜಿನ ಮೂಲಕವೇ ದೊರೆಯುತ್ತವೆ.

ಅನಂತರ ಭಾರತೀಯ ಗಣಿ ಬ್ಯೂರೊ ಪ್ರತಿ ತಿಂಗಳು ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯನ್ನು ಅದಿರಿನ ದರ್ಜೆಗೆ ತಕ್ಕಂತೆ ಬರೆದುಕೊಳ್ಳಿ. ಅದು ಟನ್ನಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ, ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ಶೇ 15ರ ರಾಜಧನ (ರಾಯಲ್ಟಿ) 600 ರೂಪಾಯಿ. ಇದರ ಜೊತೆಗೆ ಗಣಿಬಾಧಿತ ಪ್ರದೇಶಗಳ ಒಳಿತಿಗಿರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಹರಾಜಿಲ್ಲದೆ ಗುತ್ತಿಗೆ ಪಡೆದ ಹಳೆಯ ಗುತ್ತಿಗೆದಾರರು ರಾಜಧನದ ಶೇ 30, ಅಂದರೆ 180 ರೂಪಾಯಿ ಕಟ್ಟಿದರೆ, ಹರಾಜಿನವರು ಶೇ 10, ಅಂದರೆ 60 ರೂಪಾಯಿ ಕಟ್ಟುತ್ತಾರೆ. ಇಲ್ಲಿಗೇ ನಿಲ್ಲಿಸಿದರೆ ಹರಾಜಿನಿಂದ ನಷ್ಟವೆಂದೇ ತೋರುತ್ತದೆ. ಲೆಕ್ಕ ಎಡವುವುದೂ ಇಲ್ಲಿಯೇ. ಹರಾಜಿನಲ್ಲಿ ಕೂಗಿದ ಪ್ರೀಮಿಯಂ, ಅಂದರೆ ಅದಿರಿನ ಮೌಲ್ಯದಲ್ಲಿ ಕೊಡಲೊಪ್ಪಿದ ಪಾಲು, ರಾಜಧನಕ್ಕೆ ಹೊರತಾಗಿ ರಾಜ್ಯದ ಬೊಕ್ಕಸ ಸೇರುತ್ತದೆ. ಶೇ 80 ಕೂಗಿದ್ದರೆ ಅದೊಂದೇ 3,200 ರೂಪಾಯಿ! ಆದರೆ ಅದು ಸಾಗಿಸಿದ ಅದಿರಿನ ಮೌಲ್ಯಕ್ಕೆ ಅಂಟಿಕೊಂಡಿರುವುದರಿಂದ, ಎಷ್ಟೇ ದೊಡ್ಡ ಬಿಡ್ ಇದ್ದರೂ ಸಾಗಣೆಯ ಲೆಕ್ಕ ನೋಡದೆ ಹಿಗ್ಗಬಾರದು.

ಆ ಲೆಕ್ಕಕ್ಕಾಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿಯಿದೆ. ಆದ್ದರಿಂದ ‘ಎಲ್ಲ ವಿವರ ಕೊಡಿ’ ಎನ್ನದೆ, ಗುತ್ತಿಗೆ ಸಂಖ್ಯೆ ಮತ್ತು ವರ್ಷವನ್ನು ನಮೂದಿಸಿ, ತಿಂಗಳುವಾರು ಸಾಗಣೆಯನ್ನೂ ಪಾವತಿಯನ್ನೂ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.