ಮಧ್ಯಾಹ್ನದ ತೂಕಡಿಕೆಯಿಂದ ಒಂದು ಚಿತ್ರ ಬಿಡಿಸುವುದು ಹೇಗೆ

ಕನಸಿನಂಥ ಚಿತ್ರ ಬಿಡಿಸಬೇಕು ಅಂತ ಕೂತರೆ ಮೊದಲು ಬರುವುದು ಒಂದು ದೊಡ್ಡ ಕಣ್ಣು, ಒಂದು ಚಂದ್ರ, ಕೂದಲು ಹಾರಾಡುವ ಹುಡುಗಿ. ನಾನೂ ಎರಡು ವರ್ಷ ಅದನ್ನೇ ಬಿಡಿಸಿದೆ. ಅದು ಕನಸಲ್ಲ, ಕ್ಯಾಲೆಂಡರ್. ನಿಜವಾದ ಕನಸಿನಲ್ಲಿ ನಮ್ಮ ಮನೆ ಹಿತ್ತಲು, ನಮ್ಮೂರ ಗುಡ್ಡ, ಯಾವಾಗಲೋ ಸತ್ತ ಎಮ್ಮೆ ಬರುತ್ತವೆ. ಎಲ್ಲ ಸರಿಯಾಗೇ ಇರುತ್ತದೆ, ಒಂದು ಮಾತ್ರ ತಪ್ಪಿರುತ್ತದೆ. ಆ ಒಂದನ್ನು ಹಿಡಿಯಬೇಕು, ಅಷ್ಟೇ.

ಗಂಗಾವತಿ ಸುತ್ತಮುತ್ತ ಇರುವವರಾದರೆ ಮೊದಲು ಆನೆಗೊಂದಿ ಅಥವಾ ಸಾಣಾಪುರದ ಗುಡ್ಡದ ಕಡೆ ಹೋಗಿ. ಬೆಳಗ್ಗೆ ಏಳರೊಳಗೆ ಹೋಗಿ, ಇಲ್ಲವೇ ಸಂಜೆ ಐದರ ಮೇಲೆ. ಮಧ್ಯಾಹ್ನ ಬಂಡೆಗೆ ನೆರಳೂ ಇರುವುದಿಲ್ಲ, ನಿಮ್ಮ ತಲೆಗೂ ಇರುವುದಿಲ್ಲ. ಒಂದೇ ಬಂಡೆ ಆರಿಸಿಕೊಂಡು ಇಪ್ಪತ್ತು ನಿಮಿಷ ಪೆನ್ಸಿಲ್ ಮುಟ್ಟದೆ ಸುಮ್ನೆ ನೋಡಿ. ಕನಸಿನಂಥ ಚಿತ್ರಗಳಿಗೇ ಹೆಸರಾದ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ತನ್ನ ಊರಿನ ಹತ್ತಿರದ ಕಡಲ ಬಂಡೆಗಳನ್ನು ಹೀಗೇ ನೋಡುತ್ತಿದ್ದ. 1929ರ ಅವನ ಒಂದು ಚಿತ್ರದಲ್ಲಿ ಮೂಗು ನೆಲಕ್ಕೆ ಊರಿ ಮಲಗಿರುವ ದೊಡ್ಡ ಮುಖ ಅಂಥ ಬಂಡೆಯಿಂದಲೇ ಬಂದದ್ದು. ನಮ್ಮಲ್ಲಿ ಕಡಲಿಲ್ಲ, ಬಂಡೆಗೇನು ಬರವಿಲ್ಲ ಅಲ್ವಾ?

ಏನೂ ಕಾಣಿಸಲಿಲ್ಲವೇ? ತೆಳು ಕಾಗದವನ್ನು ಬಂಡೆ ಮೇಲಿಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಜರ್ಮನಿಯ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ನೆಲಹಾಸಿನ ಮೇಲೆ ಮಾಡಿದ್ದು ಇದನ್ನೇ, ಆ ಗೆರೆಗಳೊಳಗೆ ಅವನಿಗೆ ಕಾಡು, ಹಕ್ಕಿ ಸಿಕ್ಕವು. ಆದರೆ ಹಿರೇಬೆಣಕಲ್‌ನಂಥ ಕಡೆ, ಸಾವಿರಾರು ವರ್ಷ ಹಿಂದಿನ ಕೆಂಪು ಚಿತ್ರ ಇರುವ ಬಂಡೆಗಳ ಹತ್ತಿರ ಮಾತ್ರ ಕೈ ಜೇಬಿನಲ್ಲೇ ಇರಲಿ.

ಈಗ ತೂಕಡಿಕೆ. ಇದೂ ಡಾಲಿ ಹೇಳಿದ ಉಪಾಯ. ಊಟ ಆದ ಮೇಲೆ ಕುರ್ಚಿಯಲ್ಲಿ ಒರಗಿ. ಹೆಬ್ಬೆರಳು, ತೋರುಬೆರಳಿನ ನಡುವೆ ಭಾರದ ಕೀಲಿಕೈ ಹಿಡಿದು ಕೈ ಇಳಿಬಿಡಿ, ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿ. ನಿದ್ದೆ ಹತ್ತಿದ ಕೂಡಲೇ ಬೆರಳು ಸಡಿಲಾಗಿ ಕೀಲಿಕೈ ಠಣ್ ಅಂತ ಬೀಳುತ್ತದೆ. ಆ ಕ್ಷಣ ತಲೆಯಲ್ಲಿ ಏನಿತ್ತೋ ಅದನ್ನು ಯೋಚನೆ ಮಾಡದೆ ಗೀಚಿಬಿಡಿ, ಅರ್ಧ ನಿಮಿಷ ತಡವಾದರೆ ಹೋಯಿತು. ಮೊದಲ ದಿನ ನನಗೆ ಸಿಕ್ಕಿದ್ದು ಸದ್ದಿಗೆ ಓಡಿ ಬಂದ ಅವ್ವನ ಬೈಗುಳ. ನಾಲ್ಕನೇ ದಿನ ಸಿಕ್ಕಿತು: ನಮ್ಮ ಅಡುಗೆಮನೆ ತುಂಬ ಭತ್ತದ ಸಸಿ, ಮೊಣಕಾಲಷ್ಟು ನೀರು, ನಡುವೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸೀರೆ ಒದ್ದೆಯಾಗಿರಲಿಲ್ಲ.

ಇಲ್ಲೇ ಎಲ್ಲರೂ ಕೆಡಿಸುವುದು. ಮೀನು ಹಾರಿಸೋಣ, ಗೋಡೆ ಕರಗಿಸೋಣ ಅನ್ನಿಸುತ್ತದೆ. ಬೇಡ. ಡಬ್ಬಿ, ಹಂಚು, ಗೋಡೆಯ ಮಸಿ, ಎಲ್ಲ ಇದ್ದ ಹಾಗೇ ಬಿಡಿಸಿ. ತಪ್ಪು ಒಂದೇ ಇರಲಿ.

ಬಣ್ಣಕ್ಕೆ ನಾನು ಸಂಡೂರು ಕಡೆಯಂಥ ಕೆಮ್ಮಣ್ಣು ಬಳಸುತ್ತೇನೆ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಬಿಸಿಲಿಗೂ ಮಾಸುವುದಿಲ್ಲ. ಮಣ್ಣನ್ನು ನೀರಿನಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಮರಳು ಹಿಂದೆ ಉಳಿಯುತ್ತದೆ. ರಾತ್ರಿ ಹಾಗೇ ಇಟ್ಟರೆ ತಳದಲ್ಲಿ ನುಣ್ಣನೆಯ ಮಣ್ಣು ಕೂರುತ್ತದೆ, ಅದನ್ನು ಒಣಗಿಸಿ ಅರೆಯಿರಿ. ಜಾಲಿ ಅಂಟನ್ನು ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಬೆರೆಸಿ. ಅಂಟು ಜಾಸ್ತಿಯಾದರೆ ಬಣ್ಣ ಬಿರುಕು ಬಿಡುತ್ತದೆ, ಕಡಿಮೆಯಾದರೆ ಕೈಗೆ ಹತ್ತುತ್ತದೆ. ಎರಡು ಹನಿ ಲವಂಗದ ಎಣ್ಣೆ ಮರೆಯಬೇಡಿ, ನಾನು ಮರೆತು ಮೂರೇ ದಿನದಲ್ಲಿ ಬಟ್ಟಲ ತುಂಬ ಬೂಸ್ಟು.

ಮುಗಿದ ಮೇಲೆ ಮನೆಯವರಿಗೆ ತೋರಿಸಿ. ‘ಇದರ ಅರ್ಥ ಏನು?’ ಅಂದರೆ ಚಿತ್ರ ಇನ್ನೂ ಆಗಿಲ್ಲ. ನಮ್ಮ ಅವ್ವ ಬಹಳ ಹೊತ್ತು ನೋಡಿ, ‘ಇಷ್ಟು ನೀರಾಗ ಒಲಿ ಆರಂಗಿಲ್ಲೇನು?’ ಅಂದಳು. ಒಲೆಗೆ ಇನ್ನೆರಡು ಇಟ್ಟಿಗೆ ಎತ್ತರ ಕೊಟ್ಟೆ.