ಸದ್ದು ಜೋರು, ಎಳೆತ ಇಲ್ಲ: ಹಳೆಯ ವ್ಯಾಕ್ಯೂಮ್ ಕ್ಲೀನರ್ ಸರಿ ಮಾಡಿದ್ದು

ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಬಿಚ್ಚಿ ಸರಿ ಮಾಡುವುದೆಂದರೆ ನನಗೆ ತುಂಬಾ ಇಷ್ಟ. ಈ ಸಲ ಸಿಕ್ಕಿದ್ದು ಹಿಡಿಕೆಗೆ ಬಟ್ಟೆ ಚೀಲ ನೇತುಹಾಕಿದ, ನಿಂತುಕೊಂಡೇ ತಳ್ಳುವಂಥದ್ದು. ಸದ್ದು ಜೋರಾಗಿತ್ತು, ಕಸ ಮಾತ್ರ ಎಳೀತಾ ಇರಲಿಲ್ಲ.

ಮೋಟಾರ್ ಹೋಗಿದೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಮೊದಲು ಸದ್ದು ಕೇಳಿ. ಗಾಳಿಯ ದಾರಿ ಕಟ್ಟಿಕೊಂಡರೆ ಫ್ಯಾನ್ ತಳ್ಳಬೇಕಾದ ಗಾಳಿ ಕಡಿಮೆಯಾಗುತ್ತದೆ, ಮೋಟಾರ್ ಮೇಲಿನ ಭಾರ ಇಳಿಯುತ್ತದೆ, ಅದು ಇನ್ನೂ ಜೋರಾಗಿ ತಿರುಗಿ ಕೀರಲು ದನಿ ಹೊರಡಿಸುತ್ತದೆ. ಹೊರಗೆ ಒಯ್ದು ಚೀಲ ಕಳಚಿ ಸ್ವಿಚ್ ಹಾಕಿದೆ. ದನಿ ದಪ್ಪವಾಯಿತು. ಅಲ್ಲಿಗೆ ತಪ್ಪು ಚೀಲದ್ದೇ ಅಂತ ಗೊತ್ತಾಯಿತು.

ವ್ಯಾಕ್ಯೂಮ್ ಕ್ಲೀನರ್ ಎಂಬ ಯಂತ್ರದ ಕಥೆಯೆಲ್ಲ ಈ ಒಂದು ತೊಂದರೆಯ ಸುತ್ತಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಗಾಳಿ ಎಳೆಯುವುದು ಅಷ್ಟು ಕಷ್ಟವಲ್ಲ, ಎಳೆದ ಗಾಳಿಯಿಂದ ಧೂಳನ್ನು ಬೇರೆ ಮಾಡುವುದೇ ಕಷ್ಟ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಂದಲೇ ಗಾಳಿ ಎಳೆದು ನೋಡಿದ್ದರು. ಬಟ್ಟೆಯ ಅಡಿಯಲ್ಲಿ ಧೂಳು ಅಂಟಿತ್ತು. 1901ರಲ್ಲಿ ಅವರು ಮಾಡಿದ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆ ಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಪೈಪ್ ಒಳಗೆ ಬಿಡಬೇಕಿತ್ತು! ಅದನ್ನು ಒಬ್ಬರೇ ತಳ್ಳುವಷ್ಟು ಚಿಕ್ಕದು ಮಾಡಿದವರಲ್ಲಿ ನನಗೆ ಅಚ್ಚುಮೆಚ್ಚು ಅಮೆರಿಕದ ಒಹಾಯೊದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಗುಡಿಸುವ ಕೆಲಸ, ಜೊತೆಗೆ ಉಬ್ಬಸ. ಫ್ಯಾನ್ ಮೋಟಾರ್, ಪೊರಕೆ ಹಿಡಿ, ದಿಂಬಿನ ಚೀಲ ಸೇರಿಸಿ ಯಂತ್ರ ಕಟ್ಟಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ಒಹಾಯೊದ ಉದ್ಯಮಿ ವಿಲಿಯಂ ಹೂವರ್ ಕೊಂಡುಕೊಂಡರು.

ನನ್ನ ಕೈಯಲ್ಲಿದ್ದದ್ದೂ ಅದೇ ದಿಂಬಿನ ಚೀಲದ ವಂಶದ್ದು ಅಲ್ವಾ? ಚೀಲ ಒಳಹೊರಗು ಮಾಡಿ ನೋಡಿದರೆ ನೇಯ್ಗೆಯ ಸಂದುಗಳಲ್ಲಿ ಹಿಟ್ಟಿನಂಥ ಬೂದು ಧೂಳು ಕೂತಿತ್ತು. ಎಷ್ಟು ಕೊಡವಿದರೂ ಬರಲಿಲ್ಲ, ಒರಟು ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿದ ಮೇಲೆ ಬಂತು. ಈ ತೊಂದರೆಯಿಂದಲೇ ಬೇಸತ್ತು ಬ್ರಿಟನ್ನಿನ ಸಂಶೋಧಕ ಜೇಮ್ಸ್ ಡೈಸನ್ 5,127 ಮಾದರಿ ಮಾಡಿ ನೋಡಿದರು. ಅವರ ಯಂತ್ರದಲ್ಲಿ ಗಾಳಿ ಸುಳಿಯಂತೆ ಸುತ್ತಿ ಧೂಳನ್ನು ಅಂಚಿಗೆ ಎಸೆಯುತ್ತದೆ, ಚೀಲವೇ ಬೇಡ. ಆದರೂ ಫಿಲ್ಟರ್ ತೊಳೆಯುವ ಕೆಲಸ ತಪ್ಪಿಲ್ಲ.

ಕೊನೆಗೆ ತಳದ ಉರುಳು ಬ್ರಷ್‌ಗೆ ಸುತ್ತಿದ್ದ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆದೆ, ಸಡಿಲವಾಗಿದ್ದ ಬೆಲ್ಟ್ ಬದಲಾಯಿಸಿದೆ. ಮೋಟಾರ್‌ನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುತ್ತಾ ಹೋಗುವ ತುಂಡು) ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಅದನ್ನು ಮುಟ್ಟಲಿಲ್ಲ.