ಲ್ಯಾಬ್‌ಗೆ ಹೊಸಬರು ಬಂದರೆ ಮೊದಲ ತಿಂಗಳು ಏನು ಕಲಿಸಬೇಕು?

ಜೀವವಿಜ್ಞಾನದ ಪ್ರಯೋಗಾಲಯಕ್ಕೆ ಹೊಸ ಪಿಎಚ್.ಡಿ. ವಿದ್ಯಾರ್ಥಿ ಸೇರಿದ ದಿನ ಕೈಗೆ ಒಂದಷ್ಟು ಸಂಶೋಧನಾ ಪ್ರಬಂಧ ಕೊಟ್ಟು ‘ಓದಿಕೊಂಡಿರಿ’ ಎಂದು ಕೂರಿಸುವ ರೂಢಿ ಬಹಳ ಕಡೆ ಇದೆ. ಹಾಗೆ ಬಿಟ್ಟರೆ ಅವರು ಪಕ್ಕದ ಬೆಂಚಿನವರ ಕೈ ನೋಡಿ ಕೆಲಸ ಕಲಿಯುತ್ತಾರೆ, ಅವರ ತಪ್ಪುಗಳನ್ನೂ ಸೇರಿಸಿಯೇ. ಅದನ್ನು ಆಮೇಲೆ ಬಿಡಿಸುವುದು ಕಷ್ಟ.

ಬರುವ ಮೊದಲು

ಹೊಸಬರ ಹೊಣೆಯನ್ನು ಒಬ್ಬ ಸೀನಿಯರ್‌ಗೆ ಹೆಸರು ಹೇಳಿ ಒಪ್ಪಿಸಿ. ‘ಯಾರನ್ನಾದರೂ ಕೇಳಿ’ ಎಂದರೆ ಯಾರನ್ನೂ ಕೇಳುವುದಿಲ್ಲ. ಬೆಂಚಿನಲ್ಲಿ ಜಾಗ, ಒಂದು ಡ್ರಾಯರ್, 10, 200 ಮತ್ತು 1000 ಮೈಕ್ರೋಲೀಟರ್‌ನ ಮೂರು ಪಿಪೆಟ್ (ದ್ರವ ಅಳೆದು ಹಾಕುವ ಸಾಧನ), ಕೋಟು, ಸುರಕ್ಷತಾ ಕನ್ನಡಕ ಸಿದ್ಧವಿರಲಿ. ಮನುಷ್ಯರ ರಕ್ತದ ಮಾದರಿ ಮುಟ್ಟುವ ಲ್ಯಾಬ್ ಆದರೆ ಹೆಪಟೈಟಿಸ್ ಬಿ ಲಸಿಕೆಯ ವಿಷಯ ಮೊದಲೇ ತಿಳಿಸಿ. ಅದರ ಮೂರು ಡೋಸ್ 0, 1 ಮತ್ತು 6ನೇ ತಿಂಗಳಿಗೆ ಹಂಚಿಹೋಗಿರುತ್ತವೆ.

ಮೊದಲ ದಿನ

ಬೆಳಿಗ್ಗೆಯೇ ಜಾಯ್ನಿಂಗ್ ರಿಪೋರ್ಟ್‌ಗೆ ಗೈಡ್ ಸಹಿ ಹಾಕಿಸಿ ಕಚೇರಿಗೆ ತಲುಪಿಸಿ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆಯಾದರೂ ಮೊದಲ ಕಂತು ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಇದನ್ನು ಮುಚ್ಚಿಡದೆ ಹೇಳಿ, ಹಾಸ್ಟೆಲ್ ಮತ್ತು ಊಟದ ಖರ್ಚಿಗೆ ಏನು ವ್ಯವಸ್ಥೆ ಎಂದು ವಿಚಾರಿಸಿ.

ಮಧ್ಯಾಹ್ನ ಸುರಕ್ಷತೆಯ ಸುತ್ತು. ಕಣ್ಣು ತೊಳೆಯುವ ನಲ್ಲಿಯನ್ನು ಬರೀ ತೋರಿಸಬೇಡಿ, ಅವರ ಕೈಯಲ್ಲೇ ತಿರುಗಿಸಿ. ರಾಸಾಯನಿಕ ಕಣ್ಣಿಗೆ ಸಿಡಿದರೆ 15 ನಿಮಿಷ ಬಿಡದೆ ತೊಳೆಯಬೇಕು. ದ್ರವ ಸಾರಜನಕದ ಕೋಣೆಗೆ ಒಬ್ಬರೇ ಹೋಗಕೂಡದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಮನುಷ್ಯ ನೇರ ಕುಸಿದು ಬೀಳುತ್ತಾನೆ. ಕಸದ ವಿಷಯದಲ್ಲಿ, ಸೂಜಿ ಮತ್ತು ಬ್ಲೇಡು ಬಿಳಿ ಡಬ್ಬಿಗೆ, ಒಡೆದ ಗಾಜು ನೀಲಿಗೆ, ಕಲುಷಿತ ಪ್ಲಾಸ್ಟಿಕ್ ಕೆಂಪಿಗೆ. ಬ್ಯಾಕ್ಟೀರಿಯಾ ಬೆಳೆಸಿದ ಕಲ್ಚರ್ ತಟ್ಟೆಗಳು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿನಾಶ) ಆದ ಮೇಲೆ ಹಳದಿಗೆ.

ಮೊದಲ ವಾರ: ನೀರು ಮತ್ತು ತಕ್ಕಡಿ

ತಕ್ಕಡಿಯ ಮೇಲೆ ಸಣ್ಣ ಬಟ್ಟಲಿಟ್ಟು ಪಿಪೆಟ್‌ನಿಂದ 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ಹಾಕಿಸಿ. ಪ್ರತಿ ಸಲ ತೂಕ 100 ಮಿಲಿಗ್ರಾಂ ಆಸುಪಾಸಿನಲ್ಲಿ ಏರಬೇಕು. ಪ್ರತಿ ಸಲವೂ ಹೆಚ್ಚೇ ಬರುತ್ತಿದ್ದರೆ ಗುಂಡಿಯನ್ನು ಎರಡನೇ ತಡೆಯವರೆಗೆ ಒತ್ತಿ ನೀರು ಎಳೆಯುತ್ತಿದ್ದಾರೆಯೇ ನೋಡಿ. ಎಳೆಯುವುದು ಮೊದಲ ತಡೆಯಿಂದ, ಎರಡನೆಯದು ಖಾಲಿ ಮಾಡಲು ಮಾತ್ರ. ಕಡಿಮೆ ಬಂದರೆ ಟಿಪ್ (ಪಿಪೆಟ್‌ನ ತುದಿಗೆ ಸಿಕ್ಕಿಸುವ ಕೊಳವೆ) ಸಡಿಲವಿರಬಹುದು, ಇಲ್ಲವೇ ಗುಂಡಿಯನ್ನು ಥಟ್ಟನೆ ಬಿಟ್ಟು ಗಾಳಿ ಎಳೆದಿರಬಹುದು. ಈ ಅರ್ಧ ದಿನದ ಅಭ್ಯಾಸ ಎಂಥ ಪ್ರಬಂಧಕ್ಕಿಂತಲೂ ಹೆಚ್ಚು ಕಲಿಸುತ್ತದೆ.

ಎರಡನೇ ವಾರ: ಉತ್ತರ ಗೊತ್ತಿರುವ ಪ್ರಯೋಗ

ಹೊಸ ಸಂಶೋಧನಾ ಪ್ರಶ್ನೆಯನ್ನು ಈಗಲೇ ಕೊಡಬೇಡಿ. ಫಲಿತಾಂಶ ಬಾರದಿದ್ದರೆ ತಪ್ಪಿದ್ದು ಕೈಯೋ ಊಹೆಯೋ ಎಂದು ತಿಳಿಯುವುದೇ ಇಲ್ಲ. ಇ.ಕೋಲೈ ಬ್ಯಾಕ್ಟೀರಿಯಾಗೆ ಪ್ಲಾಸ್ಮಿಡ್ (ಆಂಪಿಸಿಲಿನ್ ಎಂಬ ಪ್ರತಿಜೀವಕವನ್ನು ತಡೆದುಕೊಳ್ಳುವ ಜೀನ್ ಇರುವ, ಉಂಗುರದಂಥ ಡಿಎನ್‌ಎ) ಸೇರಿಸುವ ಪ್ರಯೋಗ ಇದಕ್ಕೆ ಹೇಳಿ ಮಾಡಿಸಿದ್ದು. 50 ಮೈಕ್ರೋಲೀಟರ್ ಕಾಂಪಿಟೆಂಟ್ (ಡಿಎನ್‌ಎ ಒಳಗೆ ಬಿಟ್ಟುಕೊಳ್ಳಲು ಸಿದ್ಧಪಡಿಸಿದ) ಕೋಶಗಳನ್ನು ಮಂಜುಗಡ್ಡೆಯಲ್ಲೇ ಕರಗಿಸಿ, ಡಿಎನ್‌ಎ ಬೆರೆಸಿ ಅಲ್ಲೇ 30 ನಿಮಿಷ ಇಡಿ. 42 ಡಿಗ್ರಿಯ ನೀರಿನ ತೊಟ್ಟಿಯಲ್ಲಿ 45 ಸೆಕೆಂಡ್, ಮತ್ತೆ ಮಂಜುಗಡ್ಡೆಯಲ್ಲಿ 2 ನಿಮಿಷ. ಮಾಧ್ಯಮ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿ, ಆಂಪಿಸಿಲಿನ್ ತಟ್ಟೆಗೆ ಹರಡಿ ರಾತ್ರಿಯಿಡೀ ಬಿಡಿ. ಜೊತೆಗೆ ಎರಡು ನಿಯಂತ್ರಣ ತಟ್ಟೆಗಳು: ಡಿಎನ್‌ಎ ಸೇರಿಸದ ಕೋಶಗಳನ್ನೇ ಒಂದು ಆಂಪಿಸಿಲಿನ್ ತಟ್ಟೆಗೂ ಆಂಪಿಸಿಲಿನ್ ಇಲ್ಲದ ಇನ್ನೊಂದಕ್ಕೂ ಹರಡಿ.

ಮರುದಿನ ತಟ್ಟೆಗಳನ್ನು ಅವರೇ ಓದಲಿ. ಡಿಎನ್‌ಎ ಇಲ್ಲದಿದ್ದರೂ ಆಂಪಿಸಿಲಿನ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವುದು ಕಂಡರೆ ಔಷಧ ಹಳಸಿದೆ, ಇಲ್ಲವೇ ಅಗರ್ (ತಟ್ಟೆಗೆ ಸುರಿಯುವ ಜೆಲ್ಲಿಯಂಥ ಮಾಧ್ಯಮ) 50–55 ಡಿಗ್ರಿಗೆ ಆರುವ ಮೊದಲೇ ಅದನ್ನು ಬೆರೆಸಿದ್ದಾರೆ. ಔಷಧವಿಲ್ಲದ ತಟ್ಟೆ ತುಂಬಿದ್ದು ಪ್ಲಾಸ್ಮಿಡ್ ತಟ್ಟೆ ಖಾಲಿಯಿದ್ದರೆ ಕೋಶಗಳು ಬದುಕಿವೆ, ಡಿಎನ್‌ಎ ಒಳಗೆ ಹೋಗಿಲ್ಲ. ಟ್ಯೂಬನ್ನು ಅಂಗೈಯಲ್ಲಿ ಹಿಡಿದು ಕರಗಿಸಿದಾಗ ಹೀಗಾಗುವುದುಂಟು. ಎಲ್ಲವೂ ಖಾಲಿಯಾದರೆ ನೀರಿನ ತೊಟ್ಟಿಯ ಶಾಖ ಪರೀಕ್ಷಿಸಿ. ದೊಡ್ಡ ಕಾಲನಿಯ (ಬ್ಯಾಕ್ಟೀರಿಯಾ ಗುಂಪಿನ) ಸುತ್ತ ಪುಟ್ಟ ಪುಟ್ಟ ಕಾಲನಿಗಳಿದ್ದರೆ ತಟ್ಟೆಯನ್ನು ಹೆಚ್ಚು ಹೊತ್ತು ಬಿಟ್ಟಿದ್ದಾರೆ. ಸುತ್ತಲ ಆಂಪಿಸಿಲಿನ್ ಮುರಿದುಹೋಗಿದೆ.

ಇದೆಲ್ಲ ಅಂದಂದೇ ನೋಟ್‌ಬುಕ್‌ಗೆ ಇಳಿಯಬೇಕು. ಹೊಲಿದ ಪುಸ್ತಕ, ಪುಟಸಂಖ್ಯೆ, ಪೆನ್ನು. ತಪ್ಪಿಗೆ ಒಂದೇ ಗೆರೆ, ವೈಟ್ನರ್ ಬೇಡ. ಕೆಟ್ಟ ಪ್ರಯೋಗವನ್ನೂ ಬರೆಯಲಿ.

ಕೇಳುವ ಧೈರ್ಯ

ಧಾರವಾಡ, ಶಿವಮೊಗ್ಗ, ಕಲಬುರಗಿಯ ಕಾಲೇಜುಗಳಿಂದ ಬೆಂಗಳೂರಿನ ಲ್ಯಾಬ್‌ಗಳಿಗೆ ಬರುವವರಲ್ಲಿ ವಿಷಯ ಚೆನ್ನಾಗಿ ತಿಳಿದೂ ಇಂಗ್ಲಿಷ್ ಸಭೆಯಲ್ಲಿ ಬಾಯಿಬಿಡಲು ಹಿಂಜರಿಯುವವರು ಇದ್ದಾರೆ. ಅವರ ಮೌನವನ್ನು ಅಜ್ಞಾನವೆಂದು ಎಣಿಸುವುದು ಅನ್ಯಾಯ. ಸಭೆಗೆ ಮೊದಲು ಸೀನಿಯರ್ ಎದುರು ಕನ್ನಡದಲ್ಲೇ ಒಮ್ಮೆ ವಿವರಿಸಲಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಉತ್ತರ ಯಾವಾಗಲೂ ‘ಹೌದು ಸರ್’. ‘ಈ ಹಂತ ಬಿಟ್ಟರೆ ಏನಾಗುತ್ತದೆ?’ ಎಂದು ಕೇಳಿ. ಗೈಡ್ ವಾರಕ್ಕೆ ಅರ್ಧ ಗಂಟೆಯನ್ನು ಅವರಿಗೆಂದೇ ಮೀಸಲಿಡಲಿ, ಅದು ರದ್ದಾಗದಿರಲಿ.

ತಿಂಗಳ ಕೊನೆಗೆ ಲ್ಯಾಬ್‌ನ ಪ್ರೋಟೋಕಾಲ್ ಹಾಳೆಗಳನ್ನು ಹೊಸಬರ ಕೈಗೆ ಕೊಟ್ಟು, ಎಲ್ಲಿ ಗೊಂದಲವಾಯಿತೋ ಅಲ್ಲಿ ಗುರುತು ಹಾಕಿಸಿ. ಹಳಬರಿಗೆ ಬಾಯಿಪಾಠವಾದ ಹಂತಗಳು ಹಾಳೆಯಲ್ಲಿ ಬಿಟ್ಟುಹೋಗಿರುತ್ತವೆ, ಅವು ಕಾಣುವುದು ಹೊಸ ಕಣ್ಣಿಗೇ. ತಿದ್ದಿದ ಹಾಳೆಗೆ ದಿನಾಂಕ ಹಾಕಿ, ಹಳೆಯದನ್ನು ಬೆಂಚಿನಿಂದ ತೆಗೆಯಿರಿ.